ಕಲಬುರಗಿಯ ಬಿಸಿಲಿನಲ್ಲಿ ಕ್ಲೌನ್ ಮೀನಿನ ಬಾಣಂತನ

ಕಲಬುರಗಿಯ ಮನೆಯೊಂದರಲ್ಲಿ, ಕಡಲಿನ ಉಪ್ಪುನೀರಿನಲ್ಲಿ ಬದುಕುವ ಪುಟ್ಟ ಕ್ಲೌನ್ ಮೀನನ್ನು ಸಾಕಿ ಮರಿ ಮಾಡಿಸಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಬಿಸಿಲು. ಈ ಮೀನಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತವಾದರೆ, ಮೇ ತಿಂಗಳಲ್ಲಿ ಇಲ್ಲಿನ ಹೊರಗಿನ ಉಷ್ಣತೆ 42 ದಾಟುವುದು ಹೊಸತೇನಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಮೀನಿಗೆ ಬೇಕಾಗುವ ಆಮ್ಲಜನಕವೋ ಏರುತ್ತದೆ. ಆದರೆ ಪರಿಹಾರವೂ ಈ ಊರಿನ ಒಣಹವೆಯಲ್ಲೇ ಇದೆ. ಮನೆಮನೆಯ ಕೂಲರ್ ನಡೆಯುವ ತತ್ವದಂತೆಯೇ, ತೊಟ್ಟಿಯ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ತಣಿಯುತ್ತದೆ. 1 ಲೀಟರ್ ನೀರು ಆವಿಯಾಗುವಾಗ ಒಯ್ಯುವ ಶಾಖ 100 ಲೀಟರ್ ನೀರನ್ನು 5 ಡಿಗ್ರಿಗಿಂತ ಹೆಚ್ಚು ತಣಿಸುವಷ್ಟಿರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಫ್ಯಾನು ಇಷ್ಟು ಫಲ ಕೊಡದು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ಭಾಗವನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ಲವಣಾಂಶ ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ.

ಬೋರ್‌ವೆಲ್ಲಿನ ಗಡಸು ನೀರನ್ನು ನೇರವಾಗಿ ಬಳಸದೆ, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ, ಕಡಲ ಮೀನಿನ ತೊಟ್ಟಿಗೆಂದೇ ಸಿಗುವ ಸಮುದ್ರ ಲವಣ ಮಿಶ್ರಣವನ್ನು ಬೆರೆಸಬೇಕು. ಅಡುಗೆ ಉಪ್ಪಿನಲ್ಲಿ ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂಗಳಿಲ್ಲ. ಮೀನಿನ ಮಲಮೂತ್ರದ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕಾರು ವಾರ ಕಾಯುವುದೂ ಅನಿವಾರ್ಯ. ಕಡಲಿನಲ್ಲಿ ಈ ಮೀನು ಶತ್ರುಗಳಿಂದ ಅಡಗಿಕೊಳ್ಳುವ, ಕುಟುಕುವ ಎಳೆಗಳ ಜೀವಿಯಾದ ಕಡಲ ಹೂವು, ಅಂದರೆ ಸೀ ಅನಿಮೋನ್, ತೊಟ್ಟಿಯಲ್ಲೂ ಇರಲೇಬೇಕೆಂಬ ಹಠ ಮಾತ್ರ ನನಗೆ ವ್ಯರ್ಥವೆನಿಸುತ್ತದೆ. ಶತ್ರುಗಳಿಲ್ಲದ ತೊಟ್ಟಿಯಲ್ಲಿ ಅದಿಲ್ಲದೆಯೂ ಈ ಮೀನು ತತ್ತಿಯಿಡುತ್ತದೆ.

ಜೋಡಿ ಹುಡುಕುವ ಕಷ್ಟವೂ ಇಲ್ಲ. ಕ್ಲೌನ್ ಮೀನಿನ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸಂತಾನಕ್ಕೆ ಇಳಿಯದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಕಿರಿಯವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಬರುತ್ತದೆ. ವಿಜ್ಞಾನಿಗಳಾದ ಹಾನ್ಸ್ ಮತ್ತು ಸಿಮೋನ್ ಫ್ರಿಕ್ಕೆ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರಿಸಿತು. ಹೀಗಾಗಿ ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಅವುಗಳ ಮೇಲಾಟದಲ್ಲಿ ಗೆದ್ದದ್ದು ಹೆಣ್ಣಾಗಿ, ಸೋತದ್ದು ಗಂಡಾಗಿ ಬೆಳೆಯುವುದೇ ವಾಡಿಕೆ.

ತತ್ತಿಯಿಡಲು ಗಟ್ಟಿಯಾದ, ನುಣುಪಾದ ಮೇಲ್ಮೈ ಬೇಕು. ಮಣ್ಣಿನ ಕುಂಡವಾದೀತು, ನಮ್ಮ ಶಹಾಬಾದ್ ಕಲ್ಲಿನ ತುಂಡೂ ಆದೀತು. ಆ ಸುಣ್ಣಕಲ್ಲು ಪ್ರಾಚೀನ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದೇ ಆದ್ದರಿಂದ ಅದಕ್ಕೆ ಉಪ್ಪುನೀರು ತವರೂರಿದ್ದಂತೆ. ಹೆಣ್ಣು ನೂರಾರು ಕಿತ್ತಳೆ ಬಣ್ಣದ ತತ್ತಿಗಳನ್ನು ಅಂಟಿಸಿಟ್ಟ ಮೇಲೆ ಬಾಣಂತನವೆಲ್ಲ ಬಹುಮಟ್ಟಿಗೆ ಗಂಡಿನದು: ರೆಕ್ಕೆಯಿಂದ ನೀರು ಬೀಸುತ್ತದೆ, ಕೆಟ್ಟ ತತ್ತಿಗಳನ್ನು ಬಾಯಿಂದ ಕಿತ್ತೊಗೆಯುತ್ತದೆ. ತತ್ತಿಯೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಂಡವೆಂದರೆ ಮರಿಯೊಡೆಯುವ ರಾತ್ರಿ ಹತ್ತಿರವಾಯಿತೆಂದು ಅರ್ಥ. ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ, ಕತ್ತಲಾದ ನಂತರ, ತತ್ತಿಗಳು ಒಡೆಯುತ್ತವೆ.

ನಿಜವಾದ ಪರೀಕ್ಷೆ ಅಲ್ಲಿಂದ ಆರಂಭವಾಗುತ್ತದೆ. ಮೂರ್ನಾಲ್ಕು ಮಿಲಿಮೀಟರಿನ ಈ ಮರಿಗಳ ಬಾಯಿಗೆ ಅಂಗಡಿಯ ಯಾವ ಪುಡಿಯೂ ಸರಿಹೊಂದದು. ಅವಕ್ಕೆ ಎದುರಿಗೇ ಅಲುಗಾಡುವ, ಮಿಲಿಮೀಟರಿನ ಕಾಲು ಭಾಗಕ್ಕೂ ಚಿಕ್ಕದಾದ ರೋಟಿಫರ್ ಎಂಬ ಜೀವಿಯೇ ಬೇಕು. ರೋಟಿಫರ್ ಬದುಕಲು ಸೂಕ್ಷ್ಮ ಪಾಚಿ ಬೇಕು. ಅಂದರೆ ಮೀನು ತತ್ತಿಯಿಡುವ ವಾರಗಳ ಮೊದಲೇ ಕಿಟಕಿಯ ಬಳಿ ಹಸಿರು ನೀರಿನ ಬಾಟಲಿಗಳು ಸಾಲುಗಟ್ಟಿರಬೇಕು. ಇದನ್ನು ಕಡೆಗಣಿಸಿದವರ ಮರಿಗಳು ಕೆಲವೇ ದಿನಗಳಲ್ಲಿ ಹಸಿವಿನಿಂದ ಸಾಯುತ್ತವೆ. ವಾರದ ಹೊತ್ತಿಗೆ, ಒಣ ತತ್ತಿಯಿಂದ ಸುಮಾರು ಒಂದು ದಿನದಲ್ಲಿ ಮರಿಯಾಗುವ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿಯನ್ನು ಕೊಡಲು ತೊಡಗಬಹುದು. ಎರಡನೆಯ ವಾರದಲ್ಲಿ ತಲೆಯ ಹಿಂದೆ ಮೊದಲ ಬಿಳಿ ಪಟ್ಟಿ ಮೂಡುತ್ತದೆ, ಮರಿಗಳು ತೇಲುವುದನ್ನು ಬಿಟ್ಟು ತಳದತ್ತ ಇಳಿಯುತ್ತವೆ. ಅಷ್ಟರಲ್ಲಿ ದೊಡ್ಡ ತೊಟ್ಟಿಯಲ್ಲಿ ಅಪ್ಪ ಮತ್ತೊಂದು ಕಂತಿನ ತತ್ತಿಗಳಿಗೆ ನೀರು ಬೀಸತೊಡಗಿರುತ್ತದೆ.