ಕೆಜಿಎಫ್ ಸೈನೈಡ್ ಗುಡ್ಡದಿಂದ ಏಳುವ ಧೂಳಿನಲ್ಲಿ ಏನಿದೆ?

ಆಷಾಢದ ಗಾಳಿ ಶುರುವಾದರೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಗುಡ್ಡದ ಪಕ್ಕದ ಮನೆಗಳು ಕಿಟಕಿ ಮುಚ್ಚಿಕೊಳ್ಳುತ್ತವೆ. ಆದರೂ ಸಂಜೆ ಹೊತ್ತಿಗೆ ಕೊಡದ ಮುಚ್ಚಳದ ಮೇಲೆ ಬೂದು ಪುಡಿ ಕೂತಿರುತ್ತದೆ. ಬೆರಳಲ್ಲಿ ಉಜ್ಜಿದರೆ ಅಕ್ಕಿಹಿಟ್ಟಿನಷ್ಟು ನಯ. ಹಲ್ಲಿಗೆ ಸಿಕ್ಕರೆ ಕರಕರ.

ಹೊಸಬರು ಗುಡ್ಡದ ಹೆಸರು ಕೇಳಿಯೇ ಹೆದರುತ್ತಾರೆ. ಸೈನೈಡ್ ಅಲ್ವಾ! ಆದರೆ ನಾವು ಜಾಸ್ತಿ ಹೆದರಬೇಕಾದದ್ದು ಆ ಪುಡಿ ಕಲ್ಲಿಗೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಇಳಿಯಿತು. ಇಲ್ಲಿನ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಸಣ್ಣ ಸಣ್ಣ ಕಣಗಳಾಗಿ ಹರಡಿತ್ತು. ಕಲ್ಲು ಕುಟ್ಟಿ ಹಿಟ್ಟು ಮಾಡದೆ ಅದು ಕೈಗೆ ಸಿಗುತ್ತಿರಲಿಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ನೀರಿನಿಂದ ಚಿನ್ನ ಕರಗಿಸಿ ತೆಗೆಯುವ ದಾರಿ ತೋರಿಸಿದರು. ಮುಂದೆ ಕೋಲಾರದ ಗಣಿಗಳಿಗೂ ಅದೇ ಬಂತು. ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಗ್ರಾಂ ಲೆಕ್ಕದ ಚಿನ್ನ. ಉಳಿದ ಕೆಸರನ್ನೆಲ್ಲ ಪಕ್ಕಕ್ಕೆ ಸುರಿದರು. ಹಾಗೆ ಸುರಿದದ್ದೇ ಇವತ್ತಿನ 13 ಗುಡ್ಡಗಳು. ಒಟ್ಟು ಸುಮಾರು 3.3 ಕೋಟಿ ಟನ್.

ಬಿಸಿಲು ಗಾಳಿಗೆ ಬಿದ್ದ ಸೈನೈಡ್ ನಿಧಾನವಾಗಿ ಒಡೆದುಹೋಗುತ್ತದೆ. ಬೆಣಚುಕಲ್ಲು ಹೋಗುವುದಿಲ್ಲ. ಅದು ಸಿಲಿಕಾ. ಅದರ ತೀರಾ ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿದರೆ ಮೈ ಅದನ್ನು ಕರಗಿಸಲಾರದು. ಕಣವನ್ನು ನುಂಗಲು ಹೋದ ರಕ್ಷಕ ಜೀವಕೋಶಗಳೇ ಸಾಯುತ್ತವೆ. ಸುತ್ತ ಗಾಯದ ಗಂಟು ಬೆಳೆದು ಶ್ವಾಸಕೋಶ ಗಡುಸಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದು ಹತ್ತಿಪ್ಪತ್ತು ವರ್ಷ ಸುಮ್ನೆ ಕೂತಿದ್ದು ಆಮೇಲೆ ತಲೆ ಎತ್ತುತ್ತದೆ. ವಾಸಿ ಮಾಡುವ ಔಷಧಿಯಿಲ್ಲ. ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ.

ಇದು ಯಾರಿಗೂ ಗೊತ್ತಿಲ್ಲದ ವಿಷಯವಾಗಿರಲಿಲ್ಲ. 1940ರಲ್ಲೇ ಮೈಸೂರು ಸರ್ಕಾರ ಸಿಲಿಕೋಸಿಸ್ ಪರಿಹಾರಕ್ಕೆಂದು ನಿಯಮ ತಂದಿತ್ತು. ಆ ದಶಕದಲ್ಲಿ ಏಳು ಸಾವಿರಕ್ಕೂ ಜಾಸ್ತಿ ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಈ ಕಾಯಿಲೆ ಕಂಡಿತು. 1947ರಲ್ಲಿ ಅದು ವರದಿಯಾಗಿಯೂ ಬಂತು. ಕೆಜಿಎಫ್‌ನಿಂದ ಎಷ್ಟು ಟನ್ ಚಿನ್ನ ಬಂತು ಅನ್ನುವುದನ್ನು ಹೆಮ್ಮೆಯಿಂದ ಹೇಳುತ್ತೇವೆ. ಕಾಯಿಲೆಯ ಈ ಲೆಕ್ಕವನ್ನು ನನಗಂತೂ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಸುರಂಗದೊಳಗಿನ ಧೂಳಿಗೂ ಬೀದಿಯ ಧೂಳಿಗೂ ವ್ಯತ್ಯಾಸವಿದೆ, ನಿಜ. ಆಗತಾನೆ ಒಡೆದ ಕಲ್ಲಿನ ಪುಡಿ ಜಾಸ್ತಿ ಕೆಟ್ಟದ್ದು. ಗಾಳಿಯಾಡದ ಜಾಗದಲ್ಲಿ ಅದನ್ನು ದಿನವಿಡೀ ಉಸಿರಾಡುವುದು ಬೇರೆ. ಗುಡ್ಡದ ಪಕ್ಕ ಮನೆಯಿದ್ದ ಮಾತ್ರಕ್ಕೆ ಸಿಲಿಕೋಸಿಸ್ ಬಂದೇ ಬರುತ್ತದೆ ಎಂದಲ್ಲ. ಆದರೆ ಗಣಿಯಲ್ಲಿ ಆಗಲೇ ಎದೆ ಸೋತವರು ಇರುವುದು ಇದೇ ಬೀದಿಗಳಲ್ಲಿ. ಕೆಮ್ಮುತ್ತಾ ಜಗುಲಿಯಲ್ಲಿ ಕೂತವರ ಮುಖಕ್ಕೂ ಅದೇ ಗಾಳಿ ಬಡಿಯುತ್ತದೆ.

ನೀರಿನ ಕಥೆ ಬೇರೆ. ಕುಡಿದ ಸಿಲಿಕಾ ಶ್ವಾಸಕೋಶಕ್ಕೆ ಹೋಗುವುದಿಲ್ಲ. ಆದರೆ ಕೋಲಾರದ ಅದಿರಿನಲ್ಲಿ ಗಂಧಕ ಬೆರೆತ ಖನಿಜಗಳಿವೆ, ಆರ್ಸೆನಿಕ್ ಇರುವ ಖನಿಜವೂ ಇದೆ. ಮಳೆನೀರು ಮತ್ತು ಗಾಳಿ ಸೇರಿದರೆ ಗಂಧಕದಿಂದ ಆಮ್ಲ ಹುಟ್ಟುತ್ತದೆ, ಆಮ್ಲ ಲೋಹಗಳನ್ನು ಕರಗಿಸಿಕೊಂಡು ಹೊರಡುತ್ತದೆ. ಗುಡ್ಡದ ಮೈ ನೋಡಿದರೆ ಸಾಕು. ಮಳೆ ಕೊರೆದ ಕೊರಕಲುಗಳು ಮೇಲಿಂದ ಕೆಳಗಿನವರೆಗೂ ಬಂದಿವೆ. ಆ ದಾರಿಯಲ್ಲಿರುವ ಬಾವಿ, ಬೋರ್‌ವೆಲ್ಲುಗಳ ನೀರನ್ನು ಪ್ರತಿ ವರ್ಷ ಪರೀಕ್ಷೆ ಮಾಡಲೇಬೇಕು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋಯಿತು, ಗುಡ್ಡ ಉಳಿಯಿತು. 2024ರ ಜೂನ್‌ನಲ್ಲಿ ಈ 13 ಗುಡ್ಡಗಳ ಮರುಗಣಿಗಾರಿಕೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಇನ್ನೂ ಚಿನ್ನವಿದೆ. ಕೆಲಸ ಬೇಕು ಎನ್ನುವವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಬಗೆಯುವುದೆಂದರೆ ಗಟ್ಟಿಯಾಗಿ ಕೂತ ಪುಡಿಯನ್ನು ಮತ್ತೆ ಎಬ್ಬಿಸುವುದು. ನೀರು ಹಾಕುತ್ತಲೇ ಬಗೆಯಬೇಕು, ಲಾರಿಗಳಿಗೆ ಹೊದಿಕೆ ಇರಬೇಕು. ಅದಕ್ಕೂ ಮೊದಲು ಗುಡ್ಡದ ಪಕ್ಕದ ಬೀದಿಗಳ ಪ್ರತಿಯೊಬ್ಬ ದೊಡ್ಡವರ ಎದೆಯ ಎಕ್ಸ್‌ರೇ ತೆಗೆದಿಡಬೇಕು. ಆಮೇಲೆ ತೆಗೆದರೆ ಯಾವ ಕಲೆ ಹಳೆಯ ಸುರಂಗದ್ದು, ಯಾವುದು ಹೊಸ ಧೂಳಿನದು ಎಂದು ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ.