ಓದುಗರ ಪ್ರಶ್ನೆ: ಮೂರೇ ಚಾನೆಲ್ ಇರುವ ಚಿಪ್‌ನಲ್ಲಿ ಇಡೀ ಬ್ಯಾಂಡ್ ಕೇಳಿಸುವುದು ಹೇಗೆ?

ಪ್ರಶ್ನೆ: ಕಮೊಡೋರ್ 64 ಎಂಬ ಹಳೇ ಮನೆ ಕಂಪ್ಯೂಟರ್‌ನ ಗೇಮ್ ಸಂಗೀತ ಕೇಳುತ್ತಿದ್ದೆ. ಅದರ ಚಿಪ್‌ಗೆ ಮೂರೇ ಚಾನೆಲ್ ಅಂತಾರೆ. ಆದ್ರೆ ನನಗೆ ಡ್ರಮ್, ಬಾಸ್, ಕಾರ್ಡ್, ಮೇಲೊಂದು ಟ್ಯೂನ್ ಎಲ್ಲ ಕೇಳಿಸುತ್ತೆ. ಇದು ಹೇಗೆ?

ಉತ್ತರ: ಚಾನೆಲ್ ನಿಜಕ್ಕೂ ಮೂರೇ. ಕಮೊಡೋರ್ 64 ಬಂದದ್ದು 1982ರಲ್ಲಿ. ಅದರೊಳಗೆ ಸದ್ದು ಹುಟ್ಟಿಸುವ ಸಿಡ್ ಚಿಪ್‌ನ ವಿನ್ಯಾಸ ಮಾಡಿದವರು ಬಾಬ್ ಯಾನೆಸ್. ಆ ಚಿಪ್ ಒಂದು ಗಳಿಗೆಯಲ್ಲಿ ಚಾನೆಲ್‌ಗೊಂದರಂತೆ ಮೂರು ಸ್ವರ ಮಾತ್ರ ನುಡಿಸುತ್ತದೆ. ಉಳಿದದ್ದೆಲ್ಲ ವೇಗದ ಕೆಲಸ.

ಯುರೋಪಿನ ಟಿವಿಗೆ ಹೊಂದುವ ಮಾದರಿಯಲ್ಲಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗಿ ಮೂಡುತ್ತದೆ. ಹೀಗೆ ಒಂದು ಸಲ ಮೂಡುವುದೇ ಒಂದು ಫ್ರೇಮ್. ಸಂಗೀತದ ಪ್ರೋಗ್ರಾಮ್ ಕೂಡ ಸಾಮಾನ್ಯವಾಗಿ ಅದೇ ಲಯದಲ್ಲಿ ಚಿಪ್‌ಗೆ ಹೊಸ ಅಂಕಿ ಕೊಡುತ್ತದೆ. ಅಂದ್ರೆ ಒಂದು ಫ್ರೇಮ್‌ಗೆ 20 ಮಿಲಿಸೆಕೆಂಡ್. ಅಷ್ಟರಲ್ಲಿ ಒಂದು ಚಾನೆಲ್ ತನ್ನ ಸ್ವರವನ್ನೂ ಬದಲಿಸಬಹುದು, ದನಿಯನ್ನೂ ಬದಲಿಸಬಹುದು.

ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಅದು ಹುಟ್ಟುವುದು ಹೀಗೆ. ಸ, ಶಂಕರಾಭರಣದ ಗ, ಪ ಈ ಮೂರನ್ನೂ ಒಟ್ಟಿಗೆ ನುಡಿಸಿದರೆ ಮೂರು ಚಾನೆಲ್ಲೂ ಮುಗಿದುಹೋಗುತ್ತವೆ. ಅದಕ್ಕೇ ಒಂದೇ ಚಾನೆಲ್‌ನಲ್ಲಿ ಸ-ಗ-ಪ, ಸ-ಗ-ಪ ಎಂದು ಫ್ರೇಮ್‌ಗೊಂದರಂತೆ ತಿರುಗಿಸುತ್ತಾರೆ. ಇದೇ ಆರ್ಪೆಜಿಯೊ. ಕಿವಿ ಅವನ್ನು ಕೂಡಿಸಿಕೊಂಡು ಕಾರ್ಡ್ ಎಂದೇ ಕೇಳುತ್ತದೆ. ಚಿಪ್‌ಟ್ಯೂನ್‌ನ, ಅಂದರೆ ಇಂಥ ಚಿಪ್ ಸಂಗೀತದ, ಆ ಗುಳುಗುಳು ದನಿ ಬರೋದು ಇಲ್ಲಿಂದಲೇ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗೋದು ಡ್ರಮ್. ಸಿಡ್‌ನಲ್ಲಿ ಡ್ರಮ್ ಎಂಬ ವಾದ್ಯವೇ ಇಲ್ಲ. ಇರುವುದು ತ್ರಿಕೋನ, ಗರಗಸ, ಪಲ್ಸ್ ಎಂಬ ಮೂರು ಅಲೆ, ಜೊತೆಗೆ ನಾಯ್ಸ್, ಅಂದರೆ ಸ್ವರವಿಲ್ಲದ 'ಶ್' ಸದ್ದು. ಬಾಸ್ ನುಡಿಸುತ್ತಿರುವ ಚಾನೆಲ್‌ನಲ್ಲೇ ಒಂದು ಫ್ರೇಮ್ ನಾಯ್ಸ್ ಹಾಕಿ. 'ಟಕ್' ಎನ್ನುತ್ತದೆ. ಮುಂದಿನ ಎರಡು-ಮೂರು ಫ್ರೇಮ್ ಪಲ್ಸ್ ಹಾಕಿ, ಸ್ವರವನ್ನು ಮೇಲಿನಿಂದ ಸರ್ರನೆ ಕೆಳಗಿಳಿಸಿ. ಅದು ಡ್ರಮ್ಮಿನ 'ದುಂ'. ಆಮೇಲೆ ತಕ್ಷಣ ಬಾಸ್ ಸ್ವರಕ್ಕೆ ಬನ್ನಿ. ನಡುವೆ ಬಾಸ್ ನಿಂತಿತ್ತು ಅನ್ನೋದು ಕೇಳುವವರಿಗೆ ತಿಳಿಯುವುದೇ ಇಲ್ಲ. ಎರಡು ವಾದ್ಯದ ಕೆಲಸ ಒಂದೇ ಚಾನೆಲ್‌ನಲ್ಲಿ ಆಯ್ತು ಅಲ್ವಾ?

ಇನ್ನೊಂದು ಉಪಾಯ ಪಲ್ಸ್ ಅಗಲದ್ದು. ಪಲ್ಸ್ ಅಲೆಯ ಅಗಲವನ್ನು ನಿಧಾನವಾಗಿ ಬದಲಿಸುತ್ತಾ ಹೋದರೆ ದನಿ ದಪ್ಪವಾಗುತ್ತದೆ, ಎರಡು ವಾದ್ಯ ಒಟ್ಟಿಗೆ ನುಡಿದಂತೆ ಕೇಳಿಸುತ್ತದೆ. ಸಿಡ್‌ಗೆ ದನಿಯ ಕೆಲವು ಭಾಗವನ್ನು ತಗ್ಗಿಸುವ ಫಿಲ್ಟರ್ ಕೂಡ ಇದೆ. ಆದರೆ ಮೊದಲ ಮಾದರಿಯಾದ 6581ರಲ್ಲಿ ಫಿಲ್ಟರ್ ಒಂದೊಂದು ಚಿಪ್‌ನಲ್ಲಿ ಒಂದೊಂದು ಥರ ಕೇಳಿಸುತ್ತದೆ. ಹಾಗಾಗಿ ಟ್ಯೂನ್ ಪೂರ್ತಿ ಅದರ ಮೇಲೆ ನಿಲ್ಲಿಸಬೇಡಿ.

ನೀವೇ ಮಾಡಿ ನೋಡಬೇಕಾ? ಹಳೇ ಯಂತ್ರ ಹುಡುಕಬೇಕಿಲ್ಲ. ಗೋಟ್‌ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶ ಇವತ್ತಿನ ಕಂಪ್ಯೂಟರ್‌ನಲ್ಲೇ ಸಿಡ್ ದನಿ ಕೊಡುತ್ತದೆ. ಅದರ ವೇವ್‌ಟೇಬಲ್‌ನಲ್ಲಿ, ಅಂದರೆ ಯಾವ ಅಲೆ, ಯಾವ ಸ್ವರ ಎಂದು ಸಾಲುಸಾಲಾಗಿ ಬರೆಯುವ ಪಟ್ಟಿಯಲ್ಲಿ, 81 ಎಂದರೆ ನಾಯ್ಸ್, 41 ಎಂದರೆ ಪಲ್ಸ್. ಮೊದಲ ಸಾಲಿಗೆ 81, ಕೆಳಗಿನ ಸಾಲುಗಳಿಗೆ 41 ಬರೆದು, ಪಕ್ಕದ ಕಾಲಮ್ಮಿನಲ್ಲಿ ಸ್ವರವನ್ನು ಇಳಿಸುತ್ತಾ ಬನ್ನಿ. ನಿಮ್ಮ ಮೊದಲ ಡ್ರಮ್ ಅದೇ. ಆರ್ಪೆಜಿಯೊ ಆಮೇಲೆ ಇರಲಿ. ಡ್ರಮ್ ಮತ್ತು ಬಾಸ್ ಒಂದೇ ಚಾನೆಲ್‌ನಲ್ಲಿ ಸರಿಯಾಗಿ ಕೂತರೆ ಕಾರ್ಡ್‌ಗೆ ಒಂದು, ಟ್ಯೂನ್‌ಗೆ ಒಂದು ಚಾನೆಲ್ ಖಾಲಿ ಸಿಗುತ್ತದೆ.