ಪಾರೋ: ಖುಕುರಿಯ ಹಿಡಿಯೊಳಗಿನ ಬಾಲ

ಖುಕುರಿ ಅಂದರೆ ನೇಪಾಳದ ಗೂರ್ಖಾಗಳ ಬಾಗಿದ ಕತ್ತಿ. ಅದನ್ನು ಕೊಳ್ಳುವವರು ಅಲಗನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಹಿಡಿಯನ್ನು ಒಂದು ಸಲ ಅಮುಕಿ ಸುಮ್ಮನಾಗುತ್ತಾರೆ. ಆದರೆ ಕೊಂಬೆಗೆ ಏಟು ಬಿದ್ದಾಗ ಕೈಗೆ ಏನಾಗುತ್ತದೆ ಅನ್ನೋದು ಕಣ್ಣಿಗೆ ಕಾಣದ ಒಂದು ತುಂಡಿನ ಮೇಲೆ ನಿಂತಿದೆ. ಅಲಗಿನ ಹಿಂಭಾಗ ಸಣ್ಣಗಾಗಿ ಹಿಡಿಯೊಳಗೆ ಹೋಗುತ್ತದಲ್ಲ, ಆ ಭಾಗ. ಇಂಗ್ಲಿಷಿನಲ್ಲಿ ಟ್ಯಾಂಗ್, ನೇಪಾಳಿಯಲ್ಲಿ ಪಾರೋ. ನಮ್ಮ ಕುಡುಗೋಲಿಗೂ ಇದು ಉಂಟು. ಹಳೇ ಹಿಡಿ ಒಡೆದು ಬಿದ್ದಾಗ ಮೊನಚು ಬಾಲವೊಂದು ಕಾಣುತ್ತದೆ, ಅದೇ.

ಖುಕುರಿಯಲ್ಲಿ ಪಾರೋ ಮುಖ್ಯವಾಗಿ ಎರಡು ಥರ. ಒಂದು ಬಾಲದ ಥರ ಸಣ್ಣದು, ಇನ್ನೊಂದು ಹಿಡಿಯಷ್ಟೇ ಅಗಲದ್ದು.

ನೇಪಾಳದ ಹಳೇ ಪದ್ಧತಿ ಬಾಲದ್ದು. ಇದರಲ್ಲೂ ಎರಡು ಬಗೆ. ಒಂದರಲ್ಲಿ ಬಾಲ ಹಿಡಿಯ ಒಳಗೇ ಎಲ್ಲೋ ನಿಂತುಬಿಡುತ್ತದೆ. ಆಗ ಅದನ್ನು ಹಿಡಿದಿಡುವುದು ಲಾಹಾ, ಅಂದರೆ ನಮ್ಮ ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅರಗು. ಅದನ್ನು ಕಾಸಿ ಹಿಡಿಯ ತೂತಿಗೆ ತುಂಬಿ, ಬಾಲ ತೂರಿಸಿ, ಆರಲು ಬಿಡುತ್ತಾರೆ. ಇನ್ನೊಂದು ಬಗೆಯಲ್ಲಿ ಬಾಲ ಹಿಡಿಯನ್ನು ದಾಟಿ ಬುಡದಿಂದ ಹೊರಗೆ ಬರುತ್ತದೆ. ಬುಡದಲ್ಲಿ ಚಾಪ್ರಿ ಎಂಬ ಹಿತ್ತಾಳೆ ತಗಡು, ಅದರ ಮೇಲೆ ವಜ್ರದಾಕಾರದ ಪುಟ್ಟ ಬಿಲ್ಲೆ. ಬಾಲದ ತುದಿಗೆ ಪುಚ್ಛರ್ ಅಂತಾರೆ, ನಮ್ಮ ಪುಚ್ಛವೇ. ಅದನ್ನು ಬಿಲ್ಲೆಯ ಮೇಲೆ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರೆ ಮುಗಿಯಿತು, ಹಿಡಿ ಕಳಚಿಕೊಳ್ಳುವುದಿಲ್ಲ. ಕೊಳ್ಳುವಾಗ ಬುಡ ತಿರುಗಿಸಿ ನೋಡಿ. ಬಿಲ್ಲೆಯ ನಡುವೆ ಬಡಿದ ಉಕ್ಕಿನ ಚುಕ್ಕೆ ಕಾಣಬೇಕು.

ಅಗಲದ ಪಾರೋ ಇರುವ ಹಿಡಿಗೆ ಪನಾವಲ್ ಅಂತಾರೆ, ಕೆಲವರು ಚಿರುವಾ ಅಂತಾರೆ. ನೇಪಾಳಿಯಲ್ಲಿ ಚಿರ್ನು ಅಂದರೆ ಸೀಳುವುದು. ಹೆಸರಿಗೆ ತಕ್ಕಂತೆ ಹಿಡಿ ಎರಡು ಸೀಳಾಗಿರುತ್ತದೆ, ನಡುವೆ ಉಕ್ಕಿನ ಪಟ್ಟಿ, ಕ್ರೀಮ್ ಬಿಸ್ಕೆಟ್ ಥರ. ಅಡ್ಡಕ್ಕೆ ಕೀಲು ಹೊಡೆದು ಬಿಗಿ ಮಾಡಿರುತ್ತಾರೆ. ಮೇಲಿನಿಂದ ನೋಡಿದರೆ ಅಲಗಿನ ಬೆನ್ನು ಹಿಡಿಯ ಬುಡದವರೆಗೂ ಗೆರೆಯಾಗಿ ಓಡುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಯಾವುದು ಗಟ್ಟಿ? ಚಾಕು ಕೊಳ್ಳುವವರಿಗೆ ಫುಲ್ ಟ್ಯಾಂಗ್, ಅಂದರೆ ಹಿಡಿಯಷ್ಟೇ ಅಗಲದ ಪಾರೋ, ಅನ್ನೋದು ಒಂದು ಮಂತ್ರದಂತೆ ಬಾಯಿಪಾಠ ಆಗಿಬಿಟ್ಟಿದೆ. ಹಾಗಾಗಿ ಪನಾವಲ್ ಒಳ್ಳೆಯದು, ಬಾಲದ್ದು ಅಗ್ಗದ್ದು ಅಂತ ಅಂದುಕೊಳ್ಳುತ್ತಾರೆ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ಖುಕುರಿ ಕಡಿಯುವ ಆಯುಧ, ತೂಕ ಮುಂದೆ ಇದ್ದಷ್ಟೂ ಏಟು ಇಳಿಯುತ್ತದೆ. ಅದಕ್ಕೇ ಅದರ ಹೊಟ್ಟೆ ತುದಿಯ ಕಡೆಗೆ ಉಬ್ಬಿರುವುದು. ಹಿಡಿಯಲ್ಲಿ ಉಕ್ಕು ಕಡಿಮೆ ಇದ್ದರೆ ಮುಂಭಾರ ಹಾಗೇ ಉಳಿಯುತ್ತದೆ. ಪನಾವಲ್‌ನಲ್ಲಿ ತೂಕ ಸ್ವಲ್ಪ ಹಿಂದಕ್ಕೆ, ಕೈಯ ಕಡೆಗೆ ಸರಿಯುತ್ತದೆ. ಅದರ ಜೊತೆಗೆ ಉಕ್ಕು ನೇರವಾಗಿ ಅಂಗೈಗೆ ತಾಗುವುದರಿಂದ ಗಟ್ಟಿ ಮರ ಕಡಿದಾಗ ಕೈ ಜುಮ್ಮೆನ್ನುತ್ತದೆ. ಬೆಟ್ಟದ ಚಳಿಯಲ್ಲಿ ಆ ಪಟ್ಟಿ ಹಿಮದ ಹಾಗೆ ತಣ್ಣಗಿರುತ್ತದೆ ಅನ್ನೋದು ಬೇರೆ.

ಪನಾವಲ್‌ನ ಲಾಭ ಬೇರೆ ಕಡೆ ಇದೆ. ಸಂದಿಗೆ ಹಾಕಿ ಮೀಟುವವರು, ಒರಟಾಗಿ ಬಳಸುವವರು ಅದನ್ನೇ ತೆಗೆದುಕೊಳ್ಳಲಿ. ಮರದ ಸೀಳು ಒಡೆದುಹೋದರೂ ಬಟ್ಟೆ ಸುತ್ತಿ ಅವತ್ತಿನ ಕೆಲಸ ಮುಗಿಸಬಹುದು. ಸೇನೆಯ ಕೆಲವು ಮಾದರಿಗಳಲ್ಲಿ ಇದು ಬಂದಿದ್ದು ಸುಮ್ನೆ ಅಲ್ಲ. ಆದರೆ ಮರ ಒಣಗಿ ಕುಗ್ಗಿದರೆ ಕೀಲು ಸಡಿಲ, ಮಳೆಗಾಲದಲ್ಲಿ ಮರ-ಉಕ್ಕಿನ ಸಂದಿಗೆ ನೀರು ಸೇರಿದರೆ ತುಕ್ಕು.

ಬಾಲದ ಖುಕುರಿ ಮುರಿದರೆ ಸಾಮಾನ್ಯವಾಗಿ ಮುರಿಯುವುದು ಅಲಗು ಬಾಲವಾಗುವ ತಿರುವಿನಲ್ಲಿ. ಆ ತಿರುವು ಚೌಕವಾಗಿ ಕತ್ತರಿಸಿದಂತಿದ್ದರೆ ಬಿರುಕು ಅಲ್ಲೇ ಶುರು, ದುಂಡಗೆ ಇಳಿಸಿದ್ದರೆ ಬಾಳುತ್ತದೆ. ಬೆಂಕಿಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಪೂರ್ವ ನೇಪಾಳದ ಭೋಜ್‌ಪುರ, ಧರಾನ್ ಕಡೆಯ ಕಾಮಿಗಳು, ಅಂದರೆ ಕಮ್ಮಾರರು, ಹೆಚ್ಚಾಗಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನೇ ಬಡಿಯುತ್ತಾರೆ. ಅಲಗನ್ನು ಕೆಂಪಗೆ ಕಾಸಿ, ಕೆಟಲ್‌ನಿಂದ ನೀರನ್ನು ಅಲಗಿನ ಅಂಚಿನ ಉದ್ದಕ್ಕೂ ಸಣ್ಣ ಧಾರೆಯಾಗಿ ಹೊಯ್ಯುತ್ತಾರೆ. ಇಡೀ ಅಲಗನ್ನು ಮುಳುಗಿಸುವುದಿಲ್ಲ. ಹಾಗಾಗಿ ಕಡಿಯುವ ಅಂಚು ಮಾತ್ರ ಗಡಸು. ಬೆನ್ನು ಮತ್ತು ಪಾರೋ ಮೆದುವಾಗಿ ಉಳಿದು ಏಟನ್ನು ತಾಳಿಕೊಳ್ಳುತ್ತವೆ. ಇಷ್ಟು ಸರಿ ಇದ್ದರೆ ಬಾಲ ಬೆರಳಷ್ಟು ಸಣ್ಣಗಿದ್ದರೂ ಭಯ ಬೇಡ.

ಹಿಡಿಯ ಮಾತು ಚಿಕ್ಕದು. ಎಮ್ಮೆ ಕೊಂಬಿನದು ನೋಡಲು ಚೆಂದ, ಆದರೆ ಒದ್ದೆ ಕೈಗೆ ಜಾರುತ್ತದೆ, ಒಣಹವೆಗೆ ಬಿರುಕು ಬಿಡುತ್ತದೆ, ಹುಳವೂ ತಿನ್ನುತ್ತದೆ. ಕೆಲಸಕ್ಕೆ ಬೀಟೆಯಂಥ ಗಟ್ಟಿ ಮರವೇ ಸರಿ. ಹಿಡಿಯ ನಡುವೆ ಉಬ್ಬಿದ ಬಳೆಗಳಿರುತ್ತವೆ, ಅದಕ್ಕೆ ಹರ್‌ಹರಿ ಅಂತ ಹೆಸರು. ಸಣ್ಣ ಅಂಗೈಗೆ ಅದು ಒಳ್ಳೆ ಹಿಡಿತ, ದೊಡ್ಡ ಅಂಗೈಗೆ ಒತ್ತಿ ಗುಳ್ಳೆ ಬರಿಸುತ್ತದೆ. ಬುಡ ಅಗಲವಾಗಿರಲಿ, ಬೀಸುವಾಗ ಕೈಯಿಂದ ಜಾರದಂತೆ ತಡೆಯುವುದು ಅದೇ.

ನನ್ನದು ಬಾಲದ್ದು, ಅರಗಿನದು. ಒಂದು ಏಪ್ರಿಲ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಮರೆತುಬಿಟ್ಟೆ. ನಾಲ್ಕು ದಿನದ ಮೇಲೆ ತೆಗೆದರೆ ಹಿಡಿ ಹಳೇ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು! ಹಾಳಾಯ್ತು ಅಂದುಕೊಂಡೆ. ಆದರೆ ಅರಗು ಬಿಸಿಗೆ ಮೆದುವಾಗಿತ್ತು ಅಷ್ಟೇ. ಹಿಡಿಯನ್ನು ಇನ್ನೊಮ್ಮೆ ಬೆಚ್ಚಗೆ ಮಾಡಿ, ಅಲಗನ್ನು ನೆಟ್ಟಗೆ ಕೂರಿಸಿ, ನೆರಳಲ್ಲಿ ಆರಲು ಬಿಟ್ಟೆ. ಈಗ ಬಿಗಿಯಾಗಿದೆ. ಡಿಕ್ಕಿಗೆ ಮಾತ್ರ ಹಾಕುವುದಿಲ್ಲ.